ಕ್ಯಾಸಿಯೋಪಿಯಾ ತರದ ಲೀಡ್ ಟೋನ್: ಗೇನ್ ಏರಿಸಿದರೆ ಕಲಸುಮೇಲೋಗರ, ಇಳಿಸಿದರೆ ಸಸ್ಟೇನ್ ಇಲ್ಲ

ಪ್ರಶ್ನೆ (ತಂತಿಮರುಳ): ಜಪಾನಿನ ಜ್ಯಾಝ್ ಫ್ಯೂಷನ್ ಬ್ಯಾಂಡ್ ಕ್ಯಾಸಿಯೋಪಿಯಾದ 1982ರ ‘ಮಿಂಟ್ ಜ್ಯಾಮ್ಸ್’ ಆಲ್ಬಮ್‌ನಲ್ಲಿ ಅವರ ಗಿಟಾರಿಸ್ಟ್ ಇಸ್ಸೆ ನೊರೊ ನುಡಿಸುವ ಲೀಡ್ ಇದೆಯಲ್ಲ, ಅದರ ಹತ್ತಿರಕ್ಕಾದರೂ ಹೋಗಬೇಕು. ನನ್ನದು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಇರುವ ಸ್ಟ್ರಾಟ್ ಗಿಟಾರ್, ಮಲ್ಟಿ ಎಫೆಕ್ಟ್, ಹೆಡ್‌ಫೋನ್. ಮೊದಲು ಕೋರಸ್, ಆಮೇಲೆ ಡಿಸ್ಟಾರ್ಷನ್, ಕೊನೆಗೆ ಡಿಲೇ. ಗೇನ್ (ಡಿಸ್ಟಾರ್ಷನ್ ಎಷ್ಟು ಅನ್ನೋ ನಾಬ್) 8. ಜೋರಾಗಿ ಓಡಿಸಿದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ, ಮೇಲಿನ ಫ್ರೆಟ್‌ಗಳಲ್ಲಿ ಜೀರುಂಡೆ ಹೊಕ್ಕ ಹಾಗೆ ಗುಂಯ್ ಅನ್ನುತ್ತೆ. ಏನು ಮಾಡಲಿ?

ಉತ್ತರ (ಹಳೇಪೆಡಲ್): ಗುರು, ಕ್ಯಾಬ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸುವ ಸೆಟ್ಟಿಂಗ್) ಆನ್ ಇದೆಯಾ? ಮೊದಲು ಅದನ್ನು ನೋಡಿ. ಹೆಡ್‌ಫೋನ್‌ಗೆ ನೇರ ಹೋದರೆ ಆ ಗುಂಯ್ ಬಂದೇ ಬರುತ್ತೆ, ಏಕೆಂದರೆ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ತಾನೇ ಕತ್ತರಿಸಿಬಿಡುತ್ತೆ, ಹೆಡ್‌ಫೋನ್ ಹಾಗೆ ಮಾಡಲ್ಲ.

ಇನ್ನು ಕೋರಸ್. ಅದು ಸ್ವರದ ಜೊತೆಗೆ ಶ್ರುತಿ ಸ್ವಲ್ಪ ಅಲುಗಾಡುವ ಇನ್ನೊಂದು ಪ್ರತಿ ಸೇರಿಸುತ್ತೆ. ಎರಡನ್ನೂ ಒಟ್ಟಿಗೆ ಡಿಸ್ಟಾರ್ಷನ್‌ಗೆ ತುಂಬಿದರೆ ಕಲಸಿಹೋಗದೆ ಇನ್ನೇನಾಗುತ್ತೆ? ಕೋರಸ್ಸನ್ನು ಡಿಸ್ಟಾರ್ಷನ್ ಆದಮೇಲೆ ಹಾಕಿ, ಡೆಪ್ತ್ (ಅಲುಗಾಟದ ಪ್ರಮಾಣ) ಕಡಿಮೆ ಇಡಿ.

ಸಸ್ಟೇನ್ (ಸ್ವರ ಹೆಚ್ಚು ಹೊತ್ತು ನಿಲ್ಲೋದು) ಬೇಕು ಅಂತ ಗೇನ್ ತಿರುಗಿಸಬೇಡಿ, ಜೋರು ಸದ್ದು ಸಣ್ಣ ಸದ್ದುಗಳ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಹಾಕಿ. ಕಂಪ್ರೆಸರ್, ಓವರ್‌ಡ್ರೈವ್, ಕೋರಸ್, ಡಿಲೇ ಈ ಕ್ರಮದಲ್ಲಿ. ಗೇನ್ 3 ಅಥವಾ 4 ಸಾಕು. ಡಿಲೇ 350 ಮಿಲಿಸೆಕೆಂಡ್, ಮಿಕ್ಸ್ 15 ಪರ್ಸೆಂಟ್. ಮಿಡ್ (ನಡುವಿನ ಫ್ರೀಕ್ವೆನ್ಸಿಗಳು) ಮಾತ್ರ ಇಳಿಸಬೇಡಿ, ಮೆಟಲ್ ನುಡಿಸುವವರ ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲ್ಲ. ಬೇಸ್ ಮತ್ತು ಕೀಬೋರ್ಡ್ ನಡುವೆ ಗಿಟಾರ್ ಕೇಳಿಸೋದೇ ಮಿಡ್‌ನಿಂದ.

ಉತ್ತರ (ಮಿಡ್‌ಬೂಸ್ಟ್): ಅವರು ಹೇಳಿದ್ದು ಸರಿ, ಆದರೆ ಗಿಟಾರ್ ವಿಷಯ ಬಿಟ್ಟಿದ್ದಾರೆ. ನೊರೊ ಹೆಸರಿನ ಜೊತೆ ಬರುವ ಗಿಟಾರ್ ಯಮಹಾ ಎಸ್‌ಜಿ. ಆ ಸಾಲಿನ ಎಸ್‌ಜಿ 2000ರಲ್ಲಿ ಹಂಬಕರ್ (ಎರಡು ಸುರುಳಿಯ ಪಿಕಪ್), ದಪ್ಪ ಮಹಾಗನಿ ಬಾಡಿ, ಅದರೊಳಗೇ ಉದ್ದಕ್ಕೂ ಹಾದುಹೋಗುವ ನೆಕ್, ಬ್ರಿಡ್ಜ್ ಕೆಳಗೆ ಹಿತ್ತಾಳೆ ಪ್ಲೇಟ್. ಸ್ವರ ಅದರಲ್ಲಿ ತಾನೇ ನಿಲ್ಲುತ್ತೆ. ನಿಮ್ಮ ಸ್ಟ್ರಾಟ್‌ನಲ್ಲಿ ನೆಕ್ ಪಿಕಪ್ ಇಟ್ಟು 120 ಹರ್ಟ್ಸ್ ಕೆಳಗೆ ಕತ್ತರಿಸಿ, 800ರ ಸುತ್ತ ಸ್ವಲ್ಪ ಏರಿಸಿ. ಸುಮ್ನೆ ಹೊಸ ಗಿಟಾರ್ ಕೊಳ್ಳೋಕೆ ಹೋಗಬೇಡಿ. ತುಂಬ ಬೇಕು ಅನ್ನಿಸಿದರೆ ಸಿಂಗಲ್ ಕಾಯಿಲ್ ಅಳತೆಯದೇ ಹಂಬಕರ್ ಸಿಗುತ್ತೆ, ಬ್ರಿಡ್ಜ್‌ಗೆ ಕೂರಿಸಿ.

ಮತ್ತೆ, ‘ಮಿಂಟ್ ಜ್ಯಾಮ್ಸ್’ ಲೈವ್ ರೆಕಾರ್ಡಿಂಗ್. ಚಪ್ಪಾಳೆಯನ್ನೆಲ್ಲ ಹೆಚ್ಚುಕಡಿಮೆ ತೆಗೆದಿರೋದರಿಂದ ಸ್ಟುಡಿಯೋ ಅನ್ನಿಸುತ್ತೆ ಅಷ್ಟೇ. ಆ ಹೊಳಪೆಲ್ಲ ಪೆಡಲ್‌ನದ್ದಲ್ಲ, ಕೈಯದ್ದೂ ಇದೆ. ಮೆಟ್ರೊನೋಮ್ ಹಾಕಿಕೊಂಡು ಹದಿನಾರರ ಲೆಕ್ಕದಲ್ಲಿ (ಒಂದು ಬೀಟ್‌ಗೆ ನಾಲ್ಕು ಸ್ವರ) ಒಂದೇ ತೂಕದಲ್ಲಿ ಪಿಕ್ ಮಾಡಿ ನೋಡಿ.

ತಂತಿಮರುಳ: ಕ್ಯಾಬ್ ಆಫ್ ಇತ್ತು! ಈಗ ಗುಂಯ್ ಹೋಯ್ತು, ಸ್ವರ ಬಿಡಿಬಿಡಿಯಾಗಿ ಕೇಳುತ್ತೆ. ಆದರೆ ಕಂಪ್ರೆಸರ್ ಹಾಕಿದಾಗಿಂದ ನುಡಿಸದೆ ಕೂತರೂ ಸುಯ್ ಅನ್ನುತ್ತೆ.

ಹಳೇಪೆಡಲ್: ಅದು ಸಹಜ, ಸಣ್ಣ ಸದ್ದನ್ನು ಎತ್ತುವುದೇ ಅದರ ಕೆಲಸ ಅಲ್ವಾ. ನಾಯ್ಸ್ ಗೇಟನ್ನು (ನುಡಿಸದಿದ್ದಾಗ ಸಣ್ಣ ಸದ್ದನ್ನು ಮುಚ್ಚುವ ಎಫೆಕ್ಟ್) ಕಂಪ್ರೆಸರ್‌ಗಿಂತ ಮೊದಲು ಇಡಿ, ಕೊನೆ ಸ್ವರದ ಬಾಲ ತುಂಡಾಗದಷ್ಟು ಮಾತ್ರ. ಲ್ಯಾಪ್‌ಟಾಪ್ ಅಡಾಪ್ಟರ್‌ನಿಂದ ಸ್ವಲ್ಪ ದೂರ ಕೂತುಕೊಳ್ಳಿ. ಸಿಂಗಲ್ ಕಾಯಿಲ್‌ಗೆ ಅದು ಆಗಿಬರಲ್ಲ.