ಒಂದು ದೀಪ ಹತ್ತಿದರೆ ಕರೆಂಟ್ ಬಂದಂಗಾ?

ಶ್ರೀಧರ ಚಿಕ್ಕಪ್ಪ: (ಫಾರ್ವರ್ಡ್ ಆದ ಫೋಟೊ: ಆಫ್ರಿಕಾದ ಮೊಜಾಂಬಿಕ್‌ನ ಗುಡಿಸಲು, ಸೋಲಾರ್ ದೀಪದ ಕೆಳಗೆ ಓದುತ್ತಿರುವ ಹುಡುಗಿ. "ಈ ಊರಿಗೆ ಕರೆಂಟ್ ಬಂತು!") ಎಂಥಾ ಒಳ್ಳೆ ಕೆಲಸ ನೋಡಿ.

ಮೇಘನಾ: ದೀಪ ಬಂದಿದ್ದು ಖುಷಿನೇ ಚಿಕ್ಕಪ್ಪ. ಅಷ್ಟಕ್ಕೇ ಫೈಲ್ ಮುಚ್ಚಿಬಿಡ್ತಾರಲ್ಲ, ಅದಕ್ಕೆ ನನ್ನ ತಕರಾರು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹಳ್ಳಿಯ ಐದು ಜನರ ಮನೆಗೆ 'ಕರೆಂಟ್ ಬಂತು' ಅನ್ನೋಕೆ ಶುರುವಿಗೆ ವರ್ಷಕ್ಕೆ 250 ಯೂನಿಟ್ ಅಂತ ಲೆಕ್ಕ ಇಟ್ಟಿತ್ತು. ನಮ್ಮ ಗೃಹಜ್ಯೋತಿ ಮಿತಿನೇ ತಿಂಗಳಿಗೆ 200. ಆ 250 ಒಂದು ಫ್ರಿಜ್ಜಿಗೇ ಸರಿಹೋಗುತ್ತೆ.

ಶ್ರೀಧರ ಚಿಕ್ಕಪ್ಪ: ಏನೂ ಇಲ್ಲದವರಿಗೆ ಮೊದಲು ದೀಪ ತಾನೆ ಪುಟ್ಟಿ? ಆಫ್ರಿಕಾದಲ್ಲಿ ಸುಮಾರು 60 ಕೋಟಿ ಜನಕ್ಕೆ ಕರೆಂಟೇ ಇಲ್ಲ. ಗುರಿ ದೊಡ್ಡದು ಮಾಡ್ತಾ ಕೂತ್ರೆ ಇದೂ ಕೈ ತಪ್ಪುತ್ತೆ.

ಸರೋಜ ಅತ್ತೆ: ಭಾಗ್ಯಜ್ಯೋತಿ ಬಲ್ಬ್ ಬಂದ ಮೇಲೂ ಅಮ್ಮ ರಾಗಿ ಮೂಟೆ ತಲೆ ಮೇಲೆ ಹೊತ್ತು ಪಕ್ಕದೂರಿನ ಮಿಲ್ಲಿಗೆ ಹೋಗ್ತಿದ್ದಳು, ಮರೆತೆಯೇನೋ ಶ್ರೀಧರ? ನಮ್ಮೂರಿಗೆ ತ್ರೀ ಫೇಸ್ ಲೈನ್ ಎಳೆದು ಮಿಲ್ಲು ಹಾಕಿದ ಮೇಲೇ ಅವಳ ಕತ್ತುನೋವು ಇಳಿದಿದ್ದು.

ಮೇಘನಾ: ಅದೇ ಅತ್ತೆ! ಅದಕ್ಕೇ 'ಎನರ್ಜಿ ಫಾರ್ ಗ್ರೋತ್ ಹಬ್' ಅನ್ನೋ ಸಂಶೋಧನಾ ಸಂಸ್ಥೆಯವರು ತಲೆಗೆ ವರ್ಷಕ್ಕೆ ಕನಿಷ್ಠ 1,000 ಯೂನಿಟ್ ಗುರಿ ಇಡಿ ಅಂತಿರೋದು. 300 ಮನೆಗೆ. 700 ಹೊರಗೆ, ಅಂದ್ರೆ ಮಿಲ್ಲು, ಪಂಪ್‌ಸೆಟ್ಟು, ಆಸ್ಪತ್ರೆ, ಕಾರ್ಖಾನೆ. ದುಡಿಮೆ ಹುಟ್ಟೋದೇ ಆ 700ರಲ್ಲಿ.

ಕಿರಣ: ಅಕ್ಕಾ, ಸರಾಸರಿ ನಂಬಬೇಡ. ಇದೇ ಮೊಜಾಂಬಿಕ್ ತಗೋ. ರಾಜಧಾನಿ ಮಪುಟೊ ಪಕ್ಕ ಮೋಜಾಲ್ ಅಲ್ಯೂಮಿನಿಯಂ ಕಾರ್ಖಾನೆ 2000ದಲ್ಲಿ ಶುರುವಾಯ್ತು. ಅದೊಂದೇ ಸುಮಾರು 900 ಮೆಗಾವ್ಯಾಟ್ ಎಳೀತಿತ್ತು, ಹತ್ತಿರ ಹತ್ತಿರ ದೇಶದ ಅರ್ಧ ಬಳಕೆ. ತಲಾ ಲೆಕ್ಕ ಏರುತ್ತೆ, ಹಳ್ಳಿಗೆ ಕಂಬವೇ ಬರಲ್ಲ.

ಮೇಘನಾ: ಒಪ್ಪಿದೆ ಕಣೋ. ಹಾಗಾಗಿ 300, 700 ಬೇರೆ ಬೇರೆ ಎಣಿಸಬೇಕು. ಮನೆಗಳ 300 ಆಗದಿದ್ರೆ ಕಾರ್ಖಾನೆ ಎಷ್ಟೇ ಎಳೆದರೂ ಗುರಿ ಮುಟ್ಟಲಿಲ್ಲ ಅಂತಲೇ ಬರೀಬೇಕು.

ಶ್ರೀಧರ ಚಿಕ್ಕಪ್ಪ: ಅಷ್ಟು ಕರೆಂಟ್ ಎಲ್ಲಿಂದ? ಕಲ್ಲಿದ್ದಲು ಸುಟ್ಟು ತಾನೆ?

ಮೇಘನಾ: ಮೊಜಾಂಬಿಕ್‌ಗೆ ಆ ಮಾತು ಹೊಂದಲ್ಲ. ಜಾಂಬೆಜಿ ನದಿಗೆ ಕಾಹೊರಾ ಬಾಸ್ಸಾ ಅಣೆಕಟ್ಟಿದೆ, 2,075 ಮೆಗಾವ್ಯಾಟ್. ಅದರಲ್ಲಿ ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾಕ್ಕೆ ಮಾರಾಟ. ನೀರು ಇವರದು, ಕತ್ತಲೂ ಇವರಿಗೇ. ಹೊಟ್ಟೆ ಉರಿಯುತ್ತೆ ಚಿಕ್ಕಪ್ಪ.

ಶ್ರೀಧರ ಚಿಕ್ಕಪ್ಪ: ಸರಿ, ಆದರೂ ದುಡ್ಡು? ವಿಶ್ವಬ್ಯಾಂಕ್, ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ ಸೇರಿ 2030ರೊಳಗೆ ಆಫ್ರಿಕಾದ 30 ಕೋಟಿ ಜನಕ್ಕೆ ಕರೆಂಟ್ ಕೊಡಲು ಹೊರಟಿವೆ. ತಲೆಗೆ 1,000 ಅಂತ ಪಟ್ಟು ಹಿಡಿದ್ರೆ ಎಷ್ಟು ಜನಕ್ಕೆ ಸಿಕ್ಕೀತು? ನಾನಂತೂ ದೀಪದ ಕಡೆಗೇ.

ಮೇಘನಾ: ದೀಪ ನಿಲ್ಲಿಸಿ ಅಂತ ನಾನೆಲ್ಲಿ ಅಂದೆ? ಆ 30 ಕೋಟಿ ಜನರಲ್ಲಿ ತಲೆಗೆ ಎಷ್ಟು ಯೂನಿಟ್ ಮುಟ್ಟಿತು ಅಂತ ಪ್ರತಿ ವರ್ಷ ಲೆಕ್ಕ ಕೊಡಲಿ. ಮನೆಗೆಷ್ಟು, ದುಡಿಮೆಗೆಷ್ಟು, ಎರಡೂ.