ಬಾರದ ಬಾಕಿಯನ್ನು ವಜಾ ಹಾಕಲು ಮಾಲೀಕರು ಹಿಂಜರಿಯುವುದೇಕೆ?

ಎಂ.ಕಾಂ. ವಿದ್ಯಾರ್ಥಿನಿ, ರಾಯಚೂರು:
ಎಲ್ಲರಿಗೂ ನಮಸ್ಕಾರ. ದೇಶದ ಸಂಸ್ಕೃತಿಗೂ ಕಂಪನಿಗಳ ಹಣಕಾಸು ವರದಿಗೂ ಇರುವ ನಂಟಿನ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಅಧಿಕಾರದ ಅಂತರವನ್ನು ಒಪ್ಪಿಕೊಳ್ಳುವ, ಅನಿಶ್ಚಿತತೆಗೆ ಅಂಜುವ ಸಮಾಜಗಳಲ್ಲಿ ಲೆಕ್ಕಪತ್ರದ ಗೋಪ್ಯತೆ ಹೆಚ್ಚೆಂದು ಲೆಕ್ಕಶಾಸ್ತ್ರದ ಸಂಶೋಧಕ ಗ್ರೇ 1988ರಲ್ಲಿ, ದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಅಳೆದ ಹಾಫ್‌ಸ್ಟೆಡ್ ಅವರ ಅಧ್ಯಯನವನ್ನು ಆಧರಿಸಿ ವಾದಿಸಿದರು. ಆದರೆ ಹಾಫ್‌ಸ್ಟೆಡ್ ಭಾರತಕ್ಕೆ ಕೊಟ್ಟ ಅಂಕ ಮೊದಲನೆಯದರಲ್ಲಿ 77, ಎರಡನೆಯದರಲ್ಲಿ ಬರೀ 40; ಒಂದು ಗೋಪ್ಯತೆಯ ಕಡೆಗೆ, ಇನ್ನೊಂದು ಅದರ ವಿರುದ್ಧಕ್ಕೆ ಬೆರಳು ತೋರಿಸುತ್ತದೆ. ಹಾಗಿದ್ದರೆ ನಮ್ಮ ಕಡೆಯ ಲೆಕ್ಕಪುಸ್ತಕಗಳಲ್ಲಿ ಸಂಸ್ಕೃತಿಯನ್ನು ಎಲ್ಲಿ ಹುಡುಕಬೇಕು?

ಲೆಕ್ಕಪರಿಶೋಧಕ, ಬಳ್ಳಾರಿ:
ಬಾಕಿದಾರರ ಪಟ್ಟಿಯಲ್ಲಿ ಹುಡುಕಿರಿ. ಹತ್ತಿ ಜಿನ್ನಿಂಗ್ ಕಂಪನಿಯೊಂದರ ಪರಿಶೋಧನೆಯಲ್ಲಿ, ಮೂರು ವರ್ಷದಿಂದ ಒಂದು ಪೈಸೆಯೂ ಜಮೆಯಾಗದ ಖಾತೆಯ ಮೇಲೆ ನಾನು ಪೆನ್ಸಿಲ್ ಗುರುತು ಹಾಕಿದಾಗ, ಮಾಲೀಕರು ಪುಟದ ಮೇಲೆ ಅಂಗೈ ಇಟ್ಟು, "ಅವರ ತಂದೆಯ ಕಾಲದಿಂದ ವ್ಯವಹಾರ ಇದೆ ಸರ್, ಬಾರದ ಬಾಕಿ ಎಂದು ಬರೆದರೆ ಗಂಜ್‌ನಲ್ಲಿ ಹೇಗೆ ಮುಖ ತೋರಿಸಲಿ?" ಎಂದರು. ಅವರಿಗೆ ಏನನ್ನೂ ಬಚ್ಚಿಡುವ ಉದ್ದೇಶವಿರಲಿಲ್ಲ. ಇನ್ನೊಬ್ಬರ ಮಾನದ ಚಿಂತೆಯಿತ್ತು. ಆದರೂ ಆ ವರ್ಷದ ಲಾಭ ವಾಸ್ತವಕ್ಕಿಂತ ಹೆಚ್ಚಾಗಿಯೇ ಕಾಣುತ್ತಿತ್ತು.

ವಾಣಿಜ್ಯ ಉಪನ್ಯಾಸಕ, ಕೊಪ್ಪಳ:
ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಲೆಕ್ಕಪತ್ರದಲ್ಲಿ ಎಚ್ಚರಿಕೆ, ಅಂದರೆ ಲಾಭವನ್ನು ಹೆಚ್ಚಿಸಿ ತೋರಿಸದ ರೂಢಿ, ಬೇರೂರಲು ಅಲ್ಲಿಯ ಕಂಪನಿಗಳು ಬಹುಕಾಲ ಬ್ಯಾಂಕ್ ಸಾಲವನ್ನೇ ನೆಚ್ಚಿದ್ದೂ, ತೆರಿಗೆಯ ಲೆಕ್ಕ ಅದೇ ಪುಸ್ತಕಗಳಿಗೆ ಅಂಟಿಕೊಂಡಿದ್ದೂ ಕಾರಣ. ಗಂಗಾವತಿಯ ಅಕ್ಕಿ ಗಿರಣಿಯವರು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವಾಗ ದಾಸ್ತಾನಿನ ಜೊತೆ ಬಾಕಿಯನ್ನೂ ತೋರಿಸುತ್ತಾರೆ. ಆ ಬಾಕಿ ಕರಗಿದರೆ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಿಂದ ಎತ್ತಬಹುದಾದ ಹಣವೂ ಕಡಿಮೆಯಾಗುತ್ತದೆ. ನಿಮ್ಮ ಮಾಲೀಕರ ಹಿಂಜರಿಕೆಗೆ ಇದೂ ಕಾರಣವಿರಬಹುದು.

ಲೆಕ್ಕಪರಿಶೋಧಕ, ಬಳ್ಳಾರಿ:
ಬ್ಯಾಂಕಿನ ಮಾತು ಸರಿ, ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ತೀರಾ ಹಳೆಯ ಬಾಕಿಯನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ತೆರಿಗೆಯನ್ನು ನೋಡಿ: ಹಿಂದೆ ಆದಾಯವೆಂದು ತೋರಿಸಿದ್ದ ಬಾಕಿಯನ್ನು ಪುಸ್ತಕದಲ್ಲಿ ವಜಾ ಹಾಕಿದರೆ ಸಾಕು, ಅದು ನಿಜಕ್ಕೂ ಮುಳುಗಿದೆ ಎಂದು ಸಾಬೀತುಪಡಿಸುವ ಅಗತ್ಯ 1989ರಿಂದ ಇಲ್ಲ. ವಜಾ ಹಾಕಿದರೆ ತೆರಿಗೆ ಉಳಿಯುತ್ತದೆ ಎಂದು ನಾನು ಲೆಕ್ಕ ಮಾಡಿ ತೋರಿಸಿದ ಮೇಲೂ ಆ ಮಾಲೀಕರು ಒಪ್ಪಲಿಲ್ಲ. ಕೈಗೆ ಬರುವ ಲಾಭವನ್ನೂ ಬಿಟ್ಟುಕೊಡುವ ಆ ನಿರ್ಧಾರಕ್ಕೆ ಸಂಸ್ಕೃತಿ ಎಂಬುದನ್ನು ಬಿಟ್ಟು ನನಗೆ ಬೇರೆ ಹೆಸರು ಹೊಳೆಯುತ್ತಿಲ್ಲ.

ತಂಗಿ, ನಿಮ್ಮ ಪ್ರಬಂಧಕ್ಕೆ ಒಂದು ದಾರಿಯಿದೆ. ಕಂಪನಿ ಕಾಯ್ದೆಯ ಅನುಸೂಚಿಗೆ ಬಂದ 2021ರ ತಿದ್ದುಪಡಿಯ ನಂತರ ಕಂಪನಿಗಳು ಬಾಕಿ ಎಷ್ಟು ಹಳೆಯದೆಂಬುದನ್ನು ಆಸ್ತಿ-ಹೊಣೆ ಪಟ್ಟಿಯ ಟಿಪ್ಪಣಿಯಲ್ಲಿ ಕೊಡಬೇಕು. ಮೂರು ವರ್ಷ ಮೀರಿದ್ದರೂ ವಸೂಲಾಗುತ್ತದೆಂದೇ ತೋರಿಸಿರುವ ಮೊತ್ತವನ್ನು, ನಮ್ಮ ಮೂರೂ ಜಿಲ್ಲೆಗಳ ಕುಟುಂಬ ಒಡೆತನದ ಕಂಪನಿಗಳಿಂದ ಆಯ್ದು, ಹೋಲಿಸಿ ನೋಡಿ.