ಕರಾವಳಿ ಮತ್ತು ಘಾಟಿ, ನಾಲ್ಕು ದಿನ, ರೋಡ್ ಬೈಕ್: ದಾರಿ ಹೇಳಿ

ಪ್ರಶ್ನೆ

ಡಿಸೆಂಬರ್ ಮೂರನೇ ವಾರ ನಾಲ್ಕು ದಿನ ಬಿಡುವಿದೆ. ನಾವು ಇಬ್ಬರು, ಬೆಂಗಳೂರಿನವರು. ರೋಡ್ ಬೈಕ್ ಎಂದರೆ ತೆಳು ಟಯರಿನ ಸೈಕಲ್, 25 ಮಿ.ಮೀ. ಟಯರ್, ಗೇರಿನ ಹಲ್ಲು ಮುಂದೆ 50/34, ಹಿಂದೆ 11–28. ಜೊತೆಗೆ ಕಾರು ಇರುವುದಿಲ್ಲ, ಸೀಟಿನ ಹಿಂದೆ ಕಟ್ಟುವ ಚೀಲ ಅಷ್ಟೇ. ದಿನಕ್ಕೆ 80ರಿಂದ 100 ಕಿ.ಮೀ. ಹೊಡೆಯುತ್ತೇವೆ, ಆದರೆ ನಂದಿ ಬೆಟ್ಟ ಬಿಟ್ಟರೆ ದೊಡ್ಡ ಏರು ಹತ್ತಿ ರೂಢಿಯಿಲ್ಲ. ಮಂಗಳೂರಿನಿಂದ ಹೆದ್ದಾರಿ 66ರಲ್ಲೇ ಅಂಕೋಲೆವರೆಗೆ ಹೋಗಿ, ಅರಬೈಲ್ ಘಾಟಿ ಹತ್ತಿ ಯಲ್ಲಾಪುರಕ್ಕೆ ಮುಗಿಸುವ ಯೋಚನೆ. ಸರಿಯೇ?

ಹೊನ್ನಾವರ ಕಡೆಯವರು

ದಿಕ್ಕು ತಿರುಗಿಸಿ. ಉತ್ತರದಿಂದ ದಕ್ಷಿಣಕ್ಕೆ ಬನ್ನಿ. ಕರಾವಳಿಯಲ್ಲಿ ಚಳಿಗಾಲದ ಬೆಳಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನ ಹನ್ನೊಂದು ಹನ್ನೆರಡರ ಮೇಲೆ ಕಡಲ ಗಾಳಿ ಏಳುತ್ತದೆ. ಅದು ಪಶ್ಚಿಮ–ವಾಯವ್ಯದಿಂದ ಬೀಸುವ ಗಾಳಿ. ಕಾರವಾರದ ಕಡೆ ಹೋಗುವವರಿಗೆ ಎದುರು, ಉಡುಪಿ ಕಡೆ ಬರುವವರಿಗೆ ಓರೆಯಾಗಿ ಬೆನ್ನಿಗೆ. ಸುಸ್ತಾದ ಹೊತ್ತಿನಲ್ಲಿ ಇದೇ ದೊಡ್ಡ ವ್ಯತ್ಯಾಸ.

ಅರಬೈಲ್ ಬೇಡವೇ ಬೇಡ. ಅದು ಹುಬ್ಬಳ್ಳಿ–ಅಂಕೋಲೆ ಲಾರಿಗಳ ದಾರಿ. ಲೋಡ್ ಲಾರಿ ನಿಮ್ಮಷ್ಟೇ ನಿಧಾನಕ್ಕೆ ಹತ್ತುತ್ತದೆ, ಅದರ ಹೊಗೆಯಲ್ಲೇ ನೀವೂ ಹತ್ತಬೇಕು. ಶಿರಾಡಿಯೂ ಹಾಗೆಯೇ. ಕುಮಟಾ–ಶಿರಸಿಯ ದೇವಿಮನೆ ಘಾಟಿ ಚೆಂದ, ಆದರೆ ಅಗಲೀಕರಣದ ಕೆಲಸ ವರ್ಷಗಟ್ಟಲೆ ಎಳೆದ ದಾರಿ. ಹೊರಡುವ ವಾರ ಅಲ್ಲಿನವರನ್ನು ಕೇಳದೆ 25ರ ಟಯರ್ ಇಳಿಸಬೇಡಿ.

ನನ್ನ ಆಯ್ಕೆ ಹೊನ್ನಾವರ–ಗೇರುಸೊಪ್ಪೆ–ಮಾವಿನಗುಂಡಿ–ಜೋಗ. ಒಟ್ಟು ಸುಮಾರು 60 ಕಿ.ಮೀ. ಮೊದಲರ್ಧ ಶರಾವತಿಯ ಮಗ್ಗುಲಲ್ಲೇ, ಅಡಿಕೆ ತೋಟಗಳ ನಡುವೆ ಹೆಚ್ಚುಕಡಿಮೆ ಸಮತಟ್ಟು. ಗೇರುಸೊಪ್ಪೆ ದಾಟಿದ ಮೇಲೆ 20 ಕಿ.ಮೀ.ಗೂ ಮಿಕ್ಕಿದ ಏರು. ಉದ್ದ ಏರು, ಕಡಿದಲ್ಲ. ಸರಾಸರಿ ನೂರಕ್ಕೆ ಮೂರರ ಆಸುಪಾಸು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಘಾಟಿ ಕರಾವಳಿಯಲ್ಲಿಲ್ಲ ಎಂದೇ ನನ್ನ ಅಭಿಪ್ರಾಯ. ಸಿಂಗಳೀಕಗಳ ಕಾಡು ಅದು. ಬೆಳಗ್ಗೆ ಏಳರೊಳಗೆ ಗೇರುಸೊಪ್ಪೆ ಬಿಟ್ಟರೆ ಪೂರ್ತಿ ನೆರಳು. ಗೇರುಸೊಪ್ಪೆಯಲ್ಲೇ ಎರಡೂ ಬಾಟ್ಲಿ ತುಂಬಿಸಿಕೊಳ್ಳಿ, ಮಧ್ಯದಲ್ಲಿ ಅಂಗಡಿ ನಂಬಬೇಡಿ. ಜೋಗದಲ್ಲಿ ಆ ತಿಂಗಳು ನೀರು ತೆಳ್ಳಗಿರುತ್ತದೆ, ಅದಕ್ಕೆಂದೇ ಹೋಗುವುದಾದರೆ ನಿರಾಸೆಯಾದೀತು. ದಾರಿಗಾಗಿ ಹೋಗಿ.

ಸಾಗರದಿಂದ

ಮೇಲಿನದಕ್ಕೆ ಮುಂದುವರಿಕೆ. ಎರಡನೇ ದಿನ ಜೋಗ–ತಾಳಗುಪ್ಪ–ಸಾಗರ ಸುಮಾರು 30 ಕಿ.ಮೀ. ಸಾಗರದಲ್ಲಿ ಹೊಟ್ಟೆ ತುಂಬಿಸಿಕೊಂಡು ಸಿಗಂದೂರಿನ ದಾರಿ ಹಿಡಿಯಿರಿ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈನಲ್ಲಿ ತೆರೆದಿದೆ, ಹಿನ್ನೀರು ದಾಟಿಸುವ ಲಾಂಚಿಗೆ ಸಾಲು ನಿಲ್ಲುವ ಕಾಲ ಮುಗಿಯಿತು. ಲಿಂಗನಮಕ್ಕಿ ಹಿನ್ನೀರಿನ ಮೇಲೆ ಎರಡೂವರೆ ಕಿ.ಮೀ.ಗೆ ತುಸು ಕಮ್ಮಿ ಉದ್ದ. ಅಡ್ಡಗಾಳಿ ಜೋರು, ಒಂದು ಕೈ ಬಿಟ್ಟು ಫೋಟೊ ತೆಗೆಯುವ ಜಾಗ ಅಲ್ಲ.

ಅಲ್ಲಿಂದ ತುಮರಿ, ಬ್ಯಾಕೋಡು, ನಾಗೋಡಿ ಘಾಟಿ ಇಳಿದು ಕೊಲ್ಲೂರು. ಒಟ್ಟು ನೂರು ದಾಟುತ್ತದೆ. ನಕ್ಷೆಯಲ್ಲಿ ಮೇಲಿನ ಬಯಲು ಸಮತಟ್ಟಾಗಿ ಕಾಣುತ್ತದೆ, ನಿಜದಲ್ಲಿ ಇಳಿ–ಹತ್ತು, ಇಳಿ–ಹತ್ತು. ಘಾಟಿಗಿಂತ ಇದೇ ಕಾಲು ತಿನ್ನುವುದು. ತುಮರಿ ದಾಟಿದರೆ ಅಂಗಡಿ ವಿರಳ, ಫೋನ್ ಸಿಗ್ನಲ್ ಇನ್ನೂ ವಿರಳ. ಮೂರು ಗಂಟೆಯೊಳಗೆ ನಾಗೋಡಿ ತಲುಪುವ ಲೆಕ್ಕ ಇಟ್ಟುಕೊಳ್ಳಿ. ಕಾಡಿನ ಇಳಿಜಾರಿನಲ್ಲಿ ಐದಕ್ಕೇ ಮಬ್ಬು ಕವಿಯುತ್ತದೆ, ನೆರಳು–ಬಿಸಿಲಿನ ಚುಕ್ಕೆಗಳಲ್ಲಿ ಗುಂಡಿ ಕಾಣುವುದೇ ಇಲ್ಲ.

ಕೊಲ್ಲೂರಿನಲ್ಲಿ ರೂಮು ಮೊದಲೇ ಹೇಳಿಡಿ. ಡಿಸೆಂಬರ್ ಎಂದರೆ ಅಯ್ಯಪ್ಪ ಮಾಲಾಧಾರಿಗಳ ಕಾಲ. ರಾತ್ರಿಯಿಡೀ ವಾಹನ ಓಡಿಸಿದ ಚಾಲಕರು ಬೆಳಗಿನ ಜಾವ ಅದೇ ರಸ್ತೆಯಲ್ಲಿರುತ್ತಾರೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಸೈಕಲ್ ರಿಪೇರಿ ಮಾಡುವವರು

ದಾರಿ ಎಲ್ಲರೂ ಹೇಳುತ್ತಾರೆ, ನಾನು ಗೇರಿನ ಲೆಕ್ಕ ಹೇಳುತ್ತೇನೆ. 34–28ರಲ್ಲಿ, ಅಂದರೆ ಮುಂದೆ 34, ಹಿಂದೆ 28 ಹಲ್ಲಿನಲ್ಲಿ, ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ ಸುಮಾರು 10.7 ಕಿ.ಮೀ. ವೇಗ. ನೀವು, ಸೈಕಲ್, ಚೀಲ ಸೇರಿ 85 ಕೆ.ಜಿ. ಎಂದಿಟ್ಟುಕೊಂಡರೆ, ನೂರಕ್ಕೆ ಎಂಟರ ಏರಿನಲ್ಲಿ ಅದಕ್ಕೆ 210 ವ್ಯಾಟ್ ಹತ್ತಿರ ಬೇಕು. 34–34 ಹಾಕಿದರೆ ಅದೇ ಸುತ್ತಿಗೆ 8.8 ಕಿ.ಮೀ., 175 ವ್ಯಾಟ್ ಸಾಕು. ಮೂವತ್ತೈದು ವ್ಯಾಟ್ ಎಂದರೆ ನಾಲ್ಕನೇ ದಿನ ಮಂಡಿ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಬರೀ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸಿ ಹೊರಡಬೇಡಿ. ಹಿಂದಿನ ಡೀರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ, ಗಿಡ್ಡ ಕೇಜ್‌ನದಾದರೆ (ಕೇಜ್ ಎಂದರೆ ಅದರಲ್ಲಿ ಚೈನ್ ಹಾದುಹೋಗುವ ಕೆಳತೋಳು) 34 ಹಲ್ಲು ಹಿಡಿಯುವುದಿಲ್ಲ, ಮಧ್ಯಮ ಕೇಜ್ ಬೇಕು. ಚೈನೂ ಉದ್ದ ಬೇಕಾಗುತ್ತದೆ. ಪರೀಕ್ಷೆ ಹೀಗೆ: ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ, ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತ ಮುಂದೆ 50, ಹಿಂದೆ 34ಕ್ಕೆ ತನ್ನಿ. ಕೇಜ್ ಪೂರ್ತಿ ಮುಂದಕ್ಕೆ ಎಳೆದು ಚೈನ್ ಬಿಗಿದುಕೊಂಡರೆ ಉದ್ದ ಸಾಲದು ಎಂದರ್ಥ. ಹಾಗೇ ಬಿಟ್ಟರೆ ಏರಿನಲ್ಲಿ ಯಾವತ್ತೋ ತಪ್ಪಿ ಆ ಗೇರಿಗೆ ಬಿದ್ದಾಗ ಡೀರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡು, ಹ್ಯಾಂಗರ್, ಮುರಿಯುತ್ತದೆ. ನಿಮ್ಮ ಫ್ರೇಮಿನದೇ ಒಂದು ಹ್ಯಾಂಗರ್ ಹೆಚ್ಚಿಗೆ ಇಟ್ಟುಕೊಳ್ಳಿ. ಅದು ಫ್ರೇಮಿಗೆ ತಕ್ಕ ಹಾಗೆ ಬೇರೆ ಬೇರೆ, ಕುಂದಾಪುರದಲ್ಲಿ ಹುಡುಕಿದರೆ ಸಿಗುವ ಸಾಮಾನಲ್ಲ.

ಟಯರ್: ಫ್ರೇಮಿನಲ್ಲಿ ಜಾಗ ಇದ್ದರೆ 28 ಮಿ.ಮೀ. ಹೆದ್ದಾರಿಯ ಅಂಚಿನಲ್ಲಿ ಲಾರಿ ಟಯರ್ ಸಿಡಿದು ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ಬಿದ್ದಿರುತ್ತದೆ. ಪಂಕ್ಚರ್ ಆದಾಗ ಟ್ಯೂಬ್ ಮಾತ್ರ ಬದಲಿಸಿದರೆ ಐದು ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತದೆ, ಏಕೆಂದರೆ ತಂತಿ ಟಯರಿನಲ್ಲೇ ಇರುತ್ತದೆ. ಬಟ್ಟೆಯ ಚೂರನ್ನು ಒಳಗೆ ಸುತ್ತ ಉಜ್ಜಿ, ಸಿಕ್ಕಿಕೊಂಡ ಕಡೆ ಚಿಮುಟದಿಂದ ಕಿತ್ತು ತೆಗೆಯಿರಿ. ಇಬ್ಬರಿಗೆ ನಾಲ್ಕು ಟ್ಯೂಬ್, ಪ್ಯಾಚ್ ಡಬ್ಬಿ, ಹಳೆ ಟಯರಿನ ಎರಡು ಬೆರಳಗಲದ ತುಂಡು, ಚೈನ್ ಟೂಲ್, ಎರಡು ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ), ಹೊಸ ಬ್ರೇಕ್ ಪ್ಯಾಡ್ ಒಂದು ಜೊತೆ. ಇಷ್ಟು ಕಡ್ಡಾಯ.

ಹೆಬ್ರಿಯವರು

ಆಗುಂಬೆ ಯಾರೂ ಹೇಳಲಿಲ್ಲವಲ್ಲ! ನಾಲ್ಕನೇ ದಿನ ಅದಕ್ಕಿರಲಿ. ಉಡುಪಿಯಿಂದ ಆಗುಂಬೆ ಸುಮಾರು 55 ಕಿ.ಮೀ. ಹೋಗಿ ಬಂದರೆ 110. ಚೀಲ ಉಡುಪಿಯ ರೂಮಿನಲ್ಲೇ ಬಿಡಿ. ಸೋಮೇಶ್ವರದವರೆಗೆ ಕಾಲು ಬೆಚ್ಚಗಾಗುತ್ತದೆ, ಆಮೇಲೆ 14 ತಿರುವು. ಭಾರಿ ವಾಹನಗಳಿಗೆ ನಿಷೇಧ ಇರುವುದರಿಂದ ಲಾರಿಯ ಕಾಟವಿಲ್ಲ, ಮಿನಿ ಬಸ್ಸು ಮತ್ತು ಕಾರು ಮಾತ್ರ. ಶನಿವಾರ, ಭಾನುವಾರ ಬಿಟ್ಟುಬಿಡಿ.

ತಿರುವು ಹತ್ತುವ ರೀತಿ ಕೇಳಿ. ಎಡಕ್ಕೆ ತಿರುಗುವಾಗ ನೀವು ಒಳಅಂಚಿನಲ್ಲಿರುತ್ತೀರಿ, ಅಲ್ಲಿ ಏರು ಗೋಡೆಯ ಹಾಗೆ. ತಿರುವಿಗೆ ಹತ್ತು ಮೀಟರ್ ಇರುವಾಗಲೇ ಗೇರ್ ಇಳಿಸಿ, ಹಿಂದೆ ಯಾರೂ ಇಲ್ಲದಿದ್ದರೆ ನಿಮ್ಮ ಪಥದ ನಡುವಿಗೆ ಬನ್ನಿ. ಬಲಕ್ಕೆ ತಿರುಗುವಾಗ ಹೊರಅಂಚು, ಏರು ಸಡಿಲ, ಉಸಿರು ಎಳೆದುಕೊಳ್ಳಬಹುದು. ಅಪಾಯವೂ ಅಲ್ಲೇ: ಇಳಿಯುವ ಮಿನಿ ಬಸ್ಸಿಗೆ ಅದು ಒಳತಿರುವು, ಮೂತಿ ತಿರುಗಿಸಲು ನಿಮ್ಮ ಪಥವನ್ನೇ ಬಳಸುತ್ತದೆ. ಮೇಲಿಂದ ಹಾರ್ನ್ ಕೇಳಿದರೆ ತಿರುವಿಗೆ ಮುಂಚೆಯೇ ನಿಂತುಬಿಡಿ.

ಇಳಿಯುವಾಗ ಬ್ರೇಕ್ ಒತ್ತಿಯೇ ಹಿಡಿಯಬೇಡಿ. ನೇರದಲ್ಲಿ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಕಾರ್ಬನ್ ರಿಮ್ಮಿನ ಮೇಲೆ ರಿಮ್ ಬ್ರೇಕ್ ಇದ್ದರೆ ಆ ಚಕ್ರ ಮನೆಯಲ್ಲಿಟ್ಟು ಅಲ್ಯೂಮಿನಿಯಂ ತನ್ನಿ, ಬಿಸಿಗೆ ರಿಮ್ ಸೊಟ್ಟಗಾಗಿ ಟ್ಯೂಬ್ ಸಿಡಿಯಬಹುದು. ಮೇಲೆ ಮಂಗಗಳಿವೆ, ಹ್ಯಾಂಡಲ್ ಚೀಲದಲ್ಲಿ ಬಾಳೆಹಣ್ಣು ಇಟ್ಟು ದೂರ ಹೋಗಬೇಡಿ.

ಕಾಪುವಿನಿಂದ

ಹೆಬ್ರಿಯವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ನಂದಿಯಷ್ಟೇ ರೂಢಿ ಇರುವವರಿಗೆ ಎರಡು ಘಾಟಿ ದಿನ, ಒಂದು ಬಯಲು ದಿನದ ಮೇಲೆ ಮತ್ತೆ 110 ಕಿ.ಮೀ. ಆಗುಂಬೆ ಜಾಸ್ತಿಯಾಯಿತು. ಮೂರನೇ ದಿನ ಹೇಗಿದ್ದರೂ ಕೊಲ್ಲೂರು–ಬೈಂದೂರು–ಮರವಂತೆ–ಕುಂದಾಪುರ–ಉಡುಪಿ, ನೂರರ ಆಸುಪಾಸು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ಕಾರುಗಳು ಏಕಾಏಕಿ ಬದಿಗೆ ಬಂದು ನಿಲ್ಲುತ್ತವೆ, ನೋಡಬೇಕಾದ್ದು ಕಡಲನ್ನಲ್ಲ, ಮುಂದಿನ ಕಾರಿನ ಇಂಡಿಕೇಟರನ್ನು. 66ರ ಸೇತುವೆಗಳ ಕೂಡುಗಳನ್ನು ನೇರವಾಗಿ ದಾಟಿ, ಓರೆಯಾಗಿ ಹೋದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಎಡ ಅಂಚಿನಲ್ಲಿ ಎದುರಿನಿಂದ ಬರುವ ಮೋಟಾರ್ ಬೈಕುಗಳು ಮಾಮೂಲು.

ಕಾಲು ಸೋತಿದ್ದರೆ ನಾಲ್ಕನೇ ದಿನ ಮಲ್ಪೆ–ಪಡುಕೆರೆ–ಮಟ್ಟು–ಕಾಪು. ಮಲ್ಪೆಯಲ್ಲಿ ಸೇತುವೆ ದಾಟಿ ಪಡುಕೆರೆಗೆ ಇಳಿದರೆ ಕಿರಿದಾದ ಡಾಂಬರು ದಾರಿ, ಬಲಕ್ಕೆ ಕಡಲು, ಎಡಕ್ಕೆ ಹೊಳೆ, ತೆಂಗಿನ ನೆರಳು. ಹದಿನೈದು ಕಿ.ಮೀ. ಚಿಲ್ಲರೆ. ಬಲೆ ಒಣಗಲು ಹಾಕಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಇಲ್ಲಿ 20ರ ಮೇಲೆ ಹೋಗಬೇಡಿ. ಕಾಪುವಿನ 1901ರ ದೀಪಸ್ತಂಭದ ಹತ್ತಿರ ಎಳನೀರು ಕುಡಿದು ಅದೇ ದಾರಿಯಲ್ಲಿ ವಾಪಸ್. ಹೆದ್ದಾರಿಯಲ್ಲಿ ನೂರು ಕಿ.ಮೀ. ಹೊಡೆದರೂ ಇಷ್ಟು ಕಡಲು ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹೊನ್ನಾವರದಿಂದ ಶುರು ಮಾಡುತ್ತೇವೆ, ಆಗುಂಬೆಯನ್ನು ಮೂರನೇ ದಿನದ ರಾತ್ರಿ ತೀರ್ಮಾನಿಸುತ್ತೇವೆ. ಎರಡು ಸಂದೇಹ: ರೈಲಿನಲ್ಲಿ ಸೈಕಲ್ ಹೇಗೆ? ಸೆಕೆಗೆ ಏನು ಕುಡಿಯುವುದು?

ಹೊನ್ನಾವರ ಕಡೆಯವರು

ಬೆಂಗಳೂರಿನಿಂದ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರಕ್ಕೆ ಹೋಗುತ್ತದೆ, ಹೊನ್ನಾವರದಲ್ಲೂ ಉಡುಪಿಯಲ್ಲೂ ನಿಲುಗಡೆ ಇದೆ. ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವ ಹೊತ್ತು ಕಮ್ಮಿ, ಪಾರ್ಸೆಲ್ ಬೋಗಿಯಿಂದ ಇಳಿಸಿಕೊಳ್ಳುವುದು ತಲೆನೋವು. ಎರಡೂ ಚಕ್ರ, ಪೆಡಲ್ ಬಿಚ್ಚಿ ಚೀಲದಲ್ಲಿ ಕಟ್ಟಿ ಸೀಟಿನಡಿಗೆ ತನ್ನಿ. ಡೀರೇಲರ್ ಇರುವ ಬಲಬದಿ ಮೇಲಕ್ಕಿರಲಿ. ಡಿಸ್ಕ್ ಬ್ರೇಕ್ ಆದರೆ ಪ್ಯಾಡುಗಳ ನಡುವೆ ಮಡಿಚಿದ ರಟ್ಟು ತುರುಕಿ, ಇಲ್ಲದಿದ್ದರೆ ಲಿವರ್ ತಗಲಿ ಪ್ಯಾಡ್ ಕಚ್ಚಿಕೊಂಡು ಚಕ್ರ ಕೂರುವುದಿಲ್ಲ.

ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಅದಕ್ಕೇ ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯದು. ಗಂಟೆಗೆ ಮುಕ್ಕಾಲು ಲೀಟರ್ ಇಟ್ಟುಕೊಳ್ಳಿ. ಒಂದು ಬಾಟ್ಲಿ ಬರೀ ನೀರು, ಇನ್ನೊಂದಕ್ಕೆ ಓಆರ್‌ಎಸ್. ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದ್ದರೆ 750 ಮಿ.ಲೀ. ಬಾಟ್ಲಿಗೆ ಮುಕ್ಕಾಲು ಪೊಟ್ಟಣ ಮಾತ್ರ. ಎಳನೀರು, ಪುನರ್ಪುಳಿ ಶರಬತ್ತು ದಾರಿಯಲ್ಲಿ ಸಿಗುತ್ತವೆ. ಆದರೆ ಎಳನೀರಿನಲ್ಲಿ ಸೋಡಿಯಂ ಕಮ್ಮಿ, ಜೊತೆಗೆ ಉಪ್ಪು ಹಾಕಿದ ಏನಾದರೂ ತಿನ್ನಿ.

ಸೈಕಲ್ ರಿಪೇರಿ ಮಾಡುವವರು

ಕಡಲ ದಾರಿಯ ಪ್ರತಿ ಸಂಜೆ ಸಿಹಿನೀರಿನಲ್ಲಿ ಸೈಕಲ್ ತೊಳೆಯಿರಿ, ಪೈಪಿನ ರಭಸದ ನೀರು ಬೇರಿಂಗಿನ ಕಡೆ ಹೊಡೆಯಬೇಡಿ, ಮಗ್ಗಿನಲ್ಲಿ ಸುರಿದರೆ ಸಾಕು. ಚೈನ್ ಒರೆಸಿ, ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಮತ್ತೆ ಒರೆಸಿ. ಊರಿಗೆ ಹೋದ ಮೇಲೆ ಸೀಟ್‌ಪೋಸ್ಟ್ ಹೊರತೆಗೆದು ಗ್ರೀಸ್ ಹಚ್ಚಿ ಕೂರಿಸಿ. ಉಪ್ಪು ಬೆವರು ಒಳಗಿಳಿದು ಅಲ್ಯೂಮಿನಿಯಂ ಪೋಸ್ಟ್ ಫ್ರೇಮಿಗೆ ಅಂಟಿಕೊಂಡರೆ ಆಮೇಲೆ ಗರಗಸವೇ ಗತಿ.